ತಿಂಗಳಿಗೊಂದು ಎಲೆ

ಕೊರಿಯರ್ ಡಬ್ಬದೊಳಗೆ ಥರ್ಮಾಕೋಲ್, ಅದರೊಳಗೆ ಹಳೇ ಪೇಪರ್. ಪೇಪರ್ ಬಿಚ್ಚಿದರೆ ಅಂಗೈಯಲ್ಲಿ ಕೂರುವಷ್ಟು ಪುಟ್ಟ ಪ್ಲಾಸ್ಟಿಕ್ ಕಪ್ಪು. ಕಪ್ಪಿನ ತಳದಲ್ಲಿ ಬಿಳಿ ಜೆಲ್ಲಿ, ಜೆಲ್ಲಿಯಲ್ಲಿ ಬೇರೂರಿ ನಿಂತ ಐದು ಸಸಿ. ಒಂದೊಂದೂ ಎರಡು ಸೆಂಟಿಮೀಟರ್ ಇದ್ದರೆ ಹೆಚ್ಚು. ಎಲೆಯ ಬಣ್ಣ ಮಾತ್ರ ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಮಾವು ಚಿಗುರಿದಾಗ ಮರದ ತುಂಬ ಒಂದು ತಾಮ್ರಗೆಂಪು ಬರುತ್ತದಲ್ಲ, ಅದೇ ಬಣ್ಣ. ಇದು 2022ರ ಜುಲೈ ತಿಂಗಳ ಮಾತು. ಮೀನಿನ ಟ್ಯಾಂಕಿನಲ್ಲಿ ನೀರೊಳಗೆ ಬೆಳೆಸುವ ಈ ಗಿಡದ ಹೆಸರು ಲ್ಯಾಜೆನಾಂಡ್ರ ಮೀಬೋಲ್ಡಿ.

ಇದಕ್ಕಾಗಿ ಏಳೆಂಟು ತಿಂಗಳು ಹುಡುಕಿದ್ದೆ. ಬೆಂಗಳೂರಿನ ಮೀನಿನ ಅಂಗಡಿಗಳಲ್ಲಿ ವ್ಯಾಲಿಸ್ನೇರಿಯಾ, ಅಮೆಜಾನ್ ಸ್ವೋರ್ಡ್, ಜಾವಾ ಫರ್ನ್ ಎಲ್ಲ ಸಿಗುತ್ತವೆ. ಇದನ್ನು ಕೇಳಿದರೆ, "ಬರಲ್ಲ ಮೇಡಂ. ಬಂದರೂ ಬೆಳೆಯಲ್ಲ, ಸುಮ್ನೆ ದುಡ್ಡು ದಂಡ" ಎನ್ನುತ್ತಿದ್ದರು. ಕೊನೆಗೆ ಟಿಶ್ಯೂ ಕಲ್ಚರ್ ಕಪ್ಪು, ಅಂದರೆ ಲ್ಯಾಬಿನಲ್ಲಿ ಗಿಡದ ಚೂರಿನಿಂದ ಬೆಳೆಸಿದ ಸಸಿಗಳ ಕಪ್ಪು, ತರಿಸಿಕೊಡುವ ಒಬ್ಬರು ಸಿಕ್ಕಿದರು. ಐದು ಸಸಿಗೆ 550 ರೂಪಾಯಿ.

ಕಪ್ಪಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಹೊರದೇಶದ ಲ್ಯಾಬಿನ ವಿಳಾಸವಿತ್ತು. ಅದನ್ನು ಓದಿದಾಗ ಒಂದು ಥರ ಕರುಳು ಚುರ್ ಎಂದಿತು. ಈ ಗಿಡದ ಹುಟ್ಟೂರು ನಮ್ಮ ಪಶ್ಚಿಮ ಘಟ್ಟ. ಕರ್ನಾಟಕ, ಕೇರಳದ ಕಡೆಯ ಹೊಳೆ ಹಳ್ಳಗಳ ಅಂಚಿನಲ್ಲಿ ಬೆಳೆಯುವುದು. ನನ್ನ ತವರೂ ಅದೇ ಘಟ್ಟದ ಮಡಿಲಲ್ಲಿ, ಕೊಪ್ಪದ ಹತ್ತಿರ. ಅಲ್ಲಿಂದ ಎಲ್ಲೆಲ್ಲೋ ಹೋಗಿ, ಗಾಜಿನ ಬಾಟಲಿಯಲ್ಲಿ ಹುಟ್ಟಿ, ವಿಮಾನದಲ್ಲಿ ಬಂದು, ಕೊನೆಗೆ ನಮ್ಮನೆ ಮೇಜಿನ ಮೇಲೆ ಕೂತಿತ್ತು ಅದು.

ಗಿಡದ ಕುಲಗೋತ್ರ ಸ್ವಲ್ಪ ಹೇಳುತ್ತೇನೆ, ಯಾಕಂದರೆ ಸಾಕುವಾಗ ಅದೇ ಕೈಹಿಡಿಯಿತು. ಇದು ಕೆಸುವಿನ ಮನೆತನದ್ದು. ಪತ್ರೊಡೆಯ ಕೆಸು, ಮಳೆಗಾಲದಲ್ಲಿ ಮರದ ಮೇಲೆ ಬರುವ ಮರಗೆಸು, ಸುವರ್ಣಗೆಡ್ಡೆ, ಕುಂಡದಲ್ಲಿ ಇಡುವ ಆಂಥೂರಿಯಂ ಎಲ್ಲ ಒಂದೇ ವಂಶ. ಲ್ಯಾಜೆನಾಂಡ್ರ ಎಂದು ಈ ಪಂಗಡಕ್ಕೆ ಹೆಸರಿಟ್ಟವರು ಡಾಲ್ಜೆಲ್, 1852ರಲ್ಲಿ. ಭಾರತ, ಶ್ರೀಲಂಕಾದ ಕಡೆಯೇ ಇದರ ನೆಲೆ. ಮೀಬೋಲ್ಡಿ ಎಂಬುದು 20ನೇ ಶತಮಾನದ ಶುರುವಿನಲ್ಲಿ ಇಲ್ಲಿ ಓಡಾಡಿ ಗಿಡ ಸಂಗ್ರಹಿಸಿದ ಜರ್ಮನಿಯ ಆಲ್ಫ್ರೆಡ್ ಮೀಬೋಲ್ಡ್ ಹೆಸರು. ಮೊದಲು 1920ರಲ್ಲಿ ಇದನ್ನು ಕ್ರಿಪ್ಟೊಕೊರೈನ್ ಪಂಗಡಕ್ಕೆ ಸೇರಿಸಿದ್ದರು. 1931ರಲ್ಲಿ ಫಿಷರ್ ಎಂಬುವರು ಲ್ಯಾಜೆನಾಂಡ್ರಕ್ಕೆ ತಂದರು. ಎರಡೂ ನೋಡೋಕೆ ಅಕ್ಕತಂಗಿಯರ ಹಾಗೆ. ಬೇರೆ ಬೇರೆ ಎಂದು ಹೇಗೆ ಗುರುತಿಸುವುದು ಎಂಬುದಕ್ಕೆ ಮುಂದೆ ಬರುತ್ತೇನೆ.

ನನ್ನ ಟ್ಯಾಂಕ್ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಲೆಕ್ಕಕ್ಕೆ 56 ಲೀಟರ್, ಮಣ್ಣು ಕಲ್ಲು ಹಾಕಿದ ಮೇಲೆ 45 ಲೀಟರ್ ನೀರು ಹಿಡಿಯುತ್ತದೆ. ಗಿಡ ಬರುವುದಕ್ಕೆ ನಾಲ್ಕು ದಿನ ಮುಂಚೆ ಹಳೆ ಮರಳು ತೆಗೆದು ಹೊಸ ಅಕ್ವಾಸಾಯಿಲ್, ಅಂದರೆ ಟ್ಯಾಂಕಿನ ಗಿಡಗಳಿಗೆಂದೇ ಮಾಡಿದ ಸತ್ವದ ಮಣ್ಣು, ಹಾಕಿದ್ದೆ. ಫಿಲ್ಟರೂ ಹೊಸದು. ಎಲ್ಲ ಹೊಸದು, ಎಲ್ಲ ಚೊಕ್ಕ. ಜೆಲ್ಲಿಯನ್ನು ನೀರಲ್ಲಿ ಅಲುಗಿಸಿ ತೊಳೆದೆ, ಇಕ್ಕಳದಲ್ಲಿ ಒಂದೊಂದೇ ಸಸಿ ಹಿಡಿದು ಮಣ್ಣಿಗೆ ಊರಿದೆ. ಗಟ್ಟಿಯಾಗಿ ನಿಲ್ಲಲಿ ಅಂತ ಸ್ವಲ್ಪ ಆಳಕ್ಕೇ ಊರಿದೆ.

ಐದನೇ ದಿನಕ್ಕೆ ಎಲೆಗಳ ಅಂಚು ಗಾಜಿನ ಹಾಗೆ ಆಯಿತು. ಆಚೆಯ ಕಲ್ಲು ಎಲೆಯೊಳಗಿಂದ ಕಾಣುತ್ತಿತ್ತು. ಎಂಟನೇ ದಿನ ಮುಟ್ಟಿದರೆ ಬೇಯಿಸಿದ ಸೊಪ್ಪಿನ ಹಾಗೆ ಬೆರಳಿಗೆ ಅಂಟಿಕೊಂಡು ಬಂತು. ಬೇರು ಬಂದಿದೆಯಾ ಅಂತ ಕಿತ್ತು ನೋಡಿದೆ, ಮತ್ತೆ ಊರಿದೆ. ಎರಡು ದಿನ ಬಿಟ್ಟು ಮತ್ತೆ ಕಿತ್ತು ನೋಡಿದೆ. ಮೂರು ವಾರ ಮುಗಿಯುವ ಹೊತ್ತಿಗೆ ಐದರಲ್ಲಿ ಮೂರು ಕೊಳೆತು ಹೋದವು. ಉಳಿದ ಎರಡರಲ್ಲಿ ಒಂದಕ್ಕೆ ಒಂದೇ ಎಲೆ, ಇನ್ನೊಂದಕ್ಕೆ ಅದೂ ಇಲ್ಲ.

ಆಗ ಸ್ನೇಹಿತೆಯೊಬ್ಬಳು ಮನೆಗೆ ಬಂದಳು. ಹದಿನೈದು ವರ್ಷದಿಂದ ಟ್ಯಾಂಕ್ ಇಟ್ಟವಳು. ಎಲೆಯಿಲ್ಲದ ಸಸಿಯನ್ನು ಎಸೆಯಲು ಹೊರಟಿದ್ದೆ, ಕೈ ಹಿಡಿದು ನಿಲ್ಲಿಸಿದಳು. ಬುಡದಲ್ಲಿದ್ದ ಮೆಣಸಿನಕಾಳಿನಷ್ಟು ಗೆಡ್ಡೆಯನ್ನು ಉಗುರಲ್ಲಿ ಮೆಲ್ಲಗೆ ಒತ್ತಿದಳು. "ನೋಡೇ, ಹಸಿಶುಂಠಿ ಇದ್ದ ಹಾಗೆ ಗಟ್ಟಿಯಾಗಿದೆ. ಇದು ಸತ್ತಿಲ್ಲ. ಮೆತ್ತಗಿದ್ದಿದ್ದರೆ ಮಾತ್ರ ಎಸೆಯಬೇಕಿತ್ತು" ಅಂದಳು.

ಆಮೇಲೆ ಟ್ಯಾಂಕಿನ ನೀರಿಗೆ ಅಮೋನಿಯ ಪರೀಕ್ಷೆ ಮಾಡಿದೆವು. ನಳಿಗೆಯಲ್ಲಿ ತಿಳಿ ಹಳದಿ ಇರಬೇಕಾದ ನೀರು ಕಡು ಹಸಿರಾಯಿತು. ಹೊಸ ಅಕ್ವಾಸಾಯಿಲ್ ಮೊದಲ ಕೆಲವು ವಾರ ಎಳೆ ಸಸಿಗೆ ಆಗದ ಅಮೋನಿಯ ಬಿಡುತ್ತದೆ. ಅದನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಬೇರೆ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೇರೆ. ಎರಡೂ ಫಿಲ್ಟರಿನ ಸ್ಪಾಂಜಿನಲ್ಲಿ, ಮಣ್ಣಿನಲ್ಲಿ ಮನೆ ಮಾಡಿಕೊಳ್ಳಬೇಕು. ಅದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಓದಿ ಗೊತ್ತಿತ್ತು ನನಗೆ. ಆದರೂ ಗಿಡ ಕೈಗೆ ಬಂದ ಕೂಡಲೇ ತಾಳ್ಮೆ ಇರಲಿಲ್ಲ. "ಹಾಲಿಗೆ ಹೆಪ್ಪು ಹಾಕಿ ಐದೈದು ನಿಮಿಷಕ್ಕೆ ಸೌಟು ಆಡಿಸಿದರೆ ಮೊಸರು ಆಗುತ್ತಾ?" ಎಂದು ಕೇಳಿದಳು ಅವಳು. ಮಾರನೇ ದಿನ ತನ್ನ ಫಿಲ್ಟರಿನ ಸ್ಪಾಂಜಿನ ಒಂದು ತುಂಡು ಕತ್ತರಿಸಿ, ಅದೇ ಟ್ಯಾಂಕಿನ ನೀರಲ್ಲಿ ಮುಳುಗಿಸಿಟ್ಟುಕೊಂಡು ತಂದುಕೊಟ್ಟಳು. ಅದೇ ನನ್ನ ಟ್ಯಾಂಕಿನ ಹೆಪ್ಪು.

ಇನ್ನೊಂದು ವಿಷಯವೂ ಅವಳಿಂದಲೇ ಮನದಟ್ಟಾಯಿತು. ಕಪ್ಪಿನಲ್ಲಿ ಬಂದ ಎಲೆಗಳು ಗಾಳಿಯಲ್ಲಿ ಬೆಳೆದವು. ನೀರೊಳಗಿನ ಬದುಕಿಗೆ ಅವು ಒಗ್ಗುವುದಿಲ್ಲ, ಹೇಗಿದ್ದರೂ ಉದುರುತ್ತವೆ. ಗಿಡ ತನ್ನ ಗೆಡ್ಡೆಯಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿ ನೀರಿಗೆ ತಕ್ಕ ಹೊಸ ಎಲೆ ಹೊರಡಿಸಬೇಕು. ಅಷ್ಟರವರೆಗೆ ಅದಕ್ಕೆ ಬೇಕಾದ್ದು ಒಂದೇ, ಬುಡ ಅಲುಗದೆ ಇರುವುದು. ನಾನು ಮಾಡಿದ್ದು ಅದರ ತದ್ವಿರುದ್ಧ. ಆಳಕ್ಕೆ ಹೂತದ್ದೂ ತಪ್ಪು. ಬೇರು ಮಾತ್ರ ಮಣ್ಣಲ್ಲಿರಬೇಕು, ಗೆಡ್ಡೆಯ ನೆತ್ತಿ ಮಣ್ಣಿನ ಮೇಲೆ ಕಾಣಬೇಕು. ಊರಲ್ಲಿ ಅಡಿಕೆ ಸಸಿ ನೆಡುವಾಗ ಸುಳಿಗೆ ಮಣ್ಣು ತಾಗಬಾರದು ಅಂತ ಅಪ್ಪಯ್ಯ ಎಷ್ಟು ಸಲ ಹೇಳಿಲ್ಲ!

ಎರಡೂ ಸಸಿಗಳನ್ನು ಹಳೆ ಐಸ್‌ಕ್ರೀಂ ಡಬ್ಬಿಯಲ್ಲಿ ಒದ್ದೆ ಮಣ್ಣಿನ ಮೇಲೆ ಕೂರಿಸಿ, ಮುಚ್ಚಳ ಹಾಕಿ, ಅಡುಗೆಮನೆ ಕಿಟಕಿಯ ನೆರಳಲ್ಲಿ ಇಟ್ಟೆ. ಟ್ಯಾಂಕನ್ನು ಆರು ವಾರ ಖಾಲಿ ಓಡಲು ಬಿಟ್ಟೆ.

ಈ ಆರು ವಾರದಲ್ಲಿ ನೀರಿನ ಕಡೆ ಗಮನ ಕೊಟ್ಟೆ. ನಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಬೋರ್‌ವೆಲ್ ನೀರು. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 900 ತೋರಿಸುತ್ತದೆ. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವ ನೀರು. ಆರ್‌ಓ ನೀರು 40. ಒಂದು ಪಾಲು ಬೋರ್ ನೀರಿಗೆ ಮೂರು ಪಾಲು ಆರ್‌ಓ ನೀರು ಬೆರೆಸಿದರೆ 250ರ ಆಸುಪಾಸಿಗೆ ಬರುತ್ತದೆ. ಅಷ್ಟನ್ನೇ ಹಿಡಿದುಕೊಂಡೆ. ಘಟ್ಟದ ಹಳ್ಳದ ನೀರು ಇದಕ್ಕಿಂತ ಎಷ್ಟೋ ಮೆದು, ಅದು ಬೇರೆ ಮಾತು. ಆದರೆ ಒಂದು ಕಂಡುಕೊಂಡೆ. ಈ ಗಿಡಕ್ಕೆ ನೀರು ಸ್ವಲ್ಪ ಗಡಸು ಇದ್ದರೂ ನಡೆಯುತ್ತದೆ, ವಾರವಾರ ಬದಲಾಗುತ್ತಿರುವುದು ಮಾತ್ರ ಆಗುವುದಿಲ್ಲ. ಆಮೇಲೆ ಪ್ರತಿ ಭಾನುವಾರ ಅದೇ ಎರಡು ಬಕೆಟ್, ಅದೇ ಗೆರೆ, ಅದೇ ಅಳತೆ. ನಲ್ಲಿ ನೀರಲ್ಲಿ ಕ್ಲೋರಿನ್ ಇರುವ ಮನೆಯವರು ಹೈಪೋ ಹರಳು ಹಾಕಿ ತೆಗೆಯಬೇಕು. ನಮ್ಮದರಲ್ಲಿ ಆ ರಗಳೆ ಇಲ್ಲ.

ಮೇಲೆ ತೇಲಲು ಎರಡು ಹಿಡಿ ಅಂತರಗಂಗೆ ಬಿಟ್ಟೆ. ಬಿಟ್ಟ ಹತ್ತು ದಿನಕ್ಕೆ ಅದು ನಾಲ್ಕು ಹಿಡಿ ಆಯಿತು. ನಿಧಾನ ಬೆಳೆಯುವ ಗಿಡ ಸಾಕುವವರಿಗೆ ಬೇಗ ಬೆಳೆಯುವ ಗಿಡದ ಆಸರೆ ಬೇಕೇ ಬೇಕು. ಪಾಚಿಗೆ ಹೋಗಬೇಕಾದ ಸತ್ವವನ್ನು ಅಂತರಗಂಗೆಯ ಬೇರು ಮೊದಲೇ ಹೀರಿಕೊಳ್ಳುತ್ತದೆ, ಜೊತೆಗೆ ನೆರಳೂ ಕೊಡುತ್ತದೆ. ಹಳ್ಳದ ಅಂಚಿನಲ್ಲಿ ಮರದ ಎಲೆಗಳ ನಡುವಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುವುದಲ್ಲವಾ, ಟ್ಯಾಂಕಿನ ಮಣ್ಣಿನ ಮೇಲೂ ಹಾಗೇ ಬಿತ್ತು.

ಸೆಪ್ಟೆಂಬರ್ ಕೊನೆಗೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದವು. ಸಸಿಗಳನ್ನು ನೆಟ್ಟೆ. ಪಕ್ಕದ ಮಣ್ಣಿನೊಳಗೆ ಒಂದೊಂದು ಗೊಬ್ಬರದ ಮಾತ್ರೆ ಹುದುಗಿಸಿದೆ. ಕೆಸುವಿನ ಜಾತಿಯಲ್ಲವಾ, ಊಟ ಹೆಚ್ಚಾಗಿ ಬೇರಿನಿಂದಲೇ. ದೀಪಕ್ಕೆ ಟೈಮರ್ ಹಾಕಿ ದಿನಕ್ಕೆ 6 ಗಂಟೆ ಇಟ್ಟೆ. ಆಮೇಲೆ ಟ್ಯಾಂಕಿನೊಳಗೆ ಕೈ ಹಾಕುವುದಿಲ್ಲ ಎಂದು ಮಗಳ ಮುಂದೆ ಮಾತು ಕೊಟ್ಟೆ. ಅವಳು ಆಗ ಎಂಟನೇ ಕ್ಲಾಸು. ಗೋಡೆಯ ಕ್ಯಾಲೆಂಡರಿನಲ್ಲಿ ನೆಟ್ಟ ದಿನಕ್ಕೆ ಹಸಿರು ಪೆನ್ನಿನಲ್ಲಿ ಒಂದು ಎಲೆ ಬರೆದಳು.

41 ದಿನ ಏನೂ ಆಗಲಿಲ್ಲ. ಇದ್ದ ಒಂದು ಎಲೆಯೂ ಉದುರಿತು. ಎರಡು ಮೆಣಸಿನಕಾಳು ಗೆಡ್ಡೆ ಮಣ್ಣಿನ ಮೇಲೆ ಕೂತಿದ್ದವು, ಅಷ್ಟೇ. ನೋಡಿದವರು "ಖಾಲಿ ಟ್ಯಾಂಕಿಗೆ ಯಾಕೆ ಲೈಟು?" ಎಂದು ಕೇಳುತ್ತಿದ್ದರು. 42ನೇ ದಿನ ಬೆಳಿಗ್ಗೆ ಮಗಳು ಸ್ಕೂಲಿಗೆ ಹೊರಟವಳು ಬಾಗಿಲಿಂದ ವಾಪಸ್ ಓಡಿ ಬಂದು, "ಅಮ್ಮಾ, ಮೂಡಿದೆ" ಅಂದಳು.

ಭೂತಗಾಜು ಹಿಡಿದು ನೋಡಿದೆ. ಗೆಡ್ಡೆಯ ನೆತ್ತಿಯಿಂದ ಅಕ್ಕಿಕಾಳಿನಷ್ಟು ಉದ್ದದ ಒಂದು ಸುಳಿ. ಬಾಳೆಯ ಸುಳಿ ನೋಡಿದ್ದೀರಲ್ಲ, ಅದರಲ್ಲಿ ಎಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಸಮ ಸುತ್ತಿಕೊಂಡಿರುತ್ತದೆ. ಇದು ಹಾಗಿರಲಿಲ್ಲ. ಎಲೆಯ ಎರಡೂ ಅಂಚು ಒಳಕ್ಕೆ ಸುತ್ತಿಕೊಂಡು ಬಂದು ನಡುನರದ ಮೇಲೆ ಎದುರುಬದುರು ನಿಂತಿದ್ದವು, ಎರಡು ತುದಿಯಿಂದ ಸುತ್ತಿದ ಚಾಪೆಯ ಹಾಗೆ. ಕ್ರಿಪ್ಟೊಕೊರೈನಿಗೂ ಲ್ಯಾಜೆನಾಂಡ್ರಕ್ಕೂ ಇರುವ ವ್ಯತ್ಯಾಸ ಇದೇ. ಕ್ರಿಪ್ಟೊಕೊರೈನ್ ಬಾಳೆಯ ಹಾಗೆ ಒಂದೇ ಸುರುಳಿ, ಲ್ಯಾಜೆನಾಂಡ್ರ ಜೋಡಿ ಸುರುಳಿ. ಪುಸ್ತಕದಲ್ಲಿ ಓದಿದ್ದು ಮನೆಯ ಟ್ಯಾಂಕಿನಲ್ಲಿ ಕಣ್ಣೆದುರು ಇತ್ತು. ಸುರುಳಿ ಬಿಚ್ಚಿಕೊಳ್ಳಲು 11 ದಿನ ತೆಗೆದುಕೊಂಡಿತು. ದಿನಾ ರಾತ್ರಿ ಊಟ ಆದ ಮೇಲೆ ನಾವಿಬ್ಬರೂ ಹೋಗಿ ನೋಡುತ್ತಿದ್ದೆವು. ಪೂರ್ತಿ ಬಿಚ್ಚಿದಾಗ ಎಲೆ ನನ್ನ ಕಿರುಬೆರಳಿನ ಉಗುರಿನಷ್ಟಿತ್ತು. ಬೆನ್ನು ಗುಲಾಬಿ, ಹೊಟ್ಟೆ ಕಂದು ಹಸಿರು, ಬೆಳಕು ಓರೆಯಾಗಿ ಬಿದ್ದರೆ ಬೆಳ್ಳಿಯ ಹೊಳಪು.

ಮುಂದಿನ ಎಲೆ 38 ದಿನಕ್ಕೆ. ಅದರ ಮುಂದಿನದು 35. ಆಮೇಲೆ ತಿಂಗಳಿಗೊಂದು ಎಲೆಯಂತೆ ಲೆಕ್ಕ ನಿಂತಿತು.

2023ರ ಏಪ್ರಿಲ್ ಹೊತ್ತಿಗೆ ದೊಡ್ಡ ಗಿಡಕ್ಕೆ ಐದು ಎಲೆ. ಆಗ ಬೇಸಿಗೆ ಬಂತು, ಬೇಸಿಗೆಯ ಜೊತೆ ಪಾಚಿ. ಬೇಗ ಬೆಳೆಯುವ ಗಿಡದ ಎಲೆಗೆ ಪಾಚಿ ಹಿಡಿದರೆ ಆ ಎಲೆ ಕತ್ತರಿಸಿ ಬಿಸಾಕಬಹುದು, ವಾರದಲ್ಲಿ ಇನ್ನೊಂದು ಬರುತ್ತದೆ. ಇಲ್ಲಿ ಒಂದು ಎಲೆ ಕತ್ತರಿಸಿದರೆ ಒಂದು ತಿಂಗಳು ಕತ್ತರಿಸಿದ ಹಾಗೆ. ಹಳೆ ಎಲೆಗಳ ಅಂಚಿಗೆ ಕಪ್ಪು ಕೂದಲಿನಂಥ ಪಾಚಿ ಬಂತು. ಮೀನು ಸಾಕುವವರು ಇದಕ್ಕೆ ಬಿಬಿಎ ಅನ್ನುತ್ತಾರೆ. ಉಜ್ಜಿದರೆ ಹೋಗುವುದಿಲ್ಲ, ಎಲೆಯೇ ಹರಿಯುತ್ತದೆ.

ಇದಕ್ಕೆ ಕಾರಣ ನಾನೇ. ಫೆಬ್ರವರಿಯಲ್ಲಿ ಗಿಡ ಚೆನ್ನಾಗಿ ಏಳುತ್ತಿದೆಯಲ್ಲ, ಇನ್ನೂ ಸ್ವಲ್ಪ ಬೆಳಕು ಕೊಟ್ಟರೆ ಬೇಗ ಬರಬಹುದು ಎಂದು ದೀಪವನ್ನು 6 ಗಂಟೆಯಿಂದ 10 ಗಂಟೆಗೆ ಏರಿಸಿದ್ದೆ. ದ್ರವ ಗೊಬ್ಬರವನ್ನೂ ಎರಡು ಪಟ್ಟು ಮಾಡಿದ್ದೆ. ಗಿಡ ಅದರಲ್ಲಿ ಏನನ್ನೂ ಜಾಸ್ತಿ ತೆಗೆದುಕೊಳ್ಳಲಿಲ್ಲ. ಅದರ ನಡಿಗೆ ಅದರದ್ದೇ. ಮಿಕ್ಕ ಬೆಳಕು, ಮಿಕ್ಕ ಗೊಬ್ಬರ ಎಲ್ಲ ಪಾಚಿಯ ಪಾಲಾಯಿತು.

ದೀಪ ಮತ್ತೆ 6 ಗಂಟೆಗೆ ಇಳಿಸಿದೆ. ಮೆಡಿಕಲ್ ಶಾಪಿನಿಂದ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ತಂದು, ಫಿಲ್ಟರ್ ನಿಲ್ಲಿಸಿ, ಸೂಜಿ ತೆಗೆದ ಸಿರಿಂಜಿನಲ್ಲಿ ಪಾಚಿ ಇರುವ ಅಂಚಿಗೇ ಒಂದೆರಡು ಮಿಲಿಲೀಟರ್ ಮೆಲ್ಲಗೆ ಬಿಟ್ಟೆ. ಎಲೆಯ ಅಂಚಿನಿಂದ ಸಣ್ಣ ಗುಳ್ಳೆಗಳು ಎದ್ದವು. ಹತ್ತು ನಿಮಿಷ ಬಿಟ್ಟು ಫಿಲ್ಟರ್ ಹಾಕಿ, ಸ್ವಲ್ಪ ನೀರು ಬದಲಾಯಿಸಿದೆ. ಮೂರನೇ ದಿನಕ್ಕೆ ಕಪ್ಪು ಪಾಚಿ ಗುಲಾಬಿ ಬಣ್ಣಕ್ಕೆ ತಿರುಗಿತು. ಸತ್ತಿದೆ ಅನ್ನುವುದಕ್ಕೆ ಅದೇ ಗುರುತು. ಗುಲಾಬಿಯಾದ ಪಾಚಿಯನ್ನು ಟ್ಯಾಂಕಿನಲ್ಲಿದ್ದ ಪುಟ್ಟ ಚೆರ್ರಿ ಸೀಗಡಿಗಳು ಕೂತು ತಿಂದು ಮುಗಿಸಿದವು. ಪೆರಾಕ್ಸೈಡನ್ನು ಒಂದೇ ದಿನ ಇಡೀ ಟ್ಯಾಂಕಿಗೆ ಹಾಕಬೇಡಿ. ಸೀಗಡಿಗೂ ಫಿಲ್ಟರಿನ ಬ್ಯಾಕ್ಟೀರಿಯಾಗೂ ಅದು ಒಳ್ಳೆಯದಲ್ಲ. ದಿನಕ್ಕೆ ಒಂದು ಎಲೆ ಸಾಕು. ನೀರು 30 ಡಿಗ್ರಿ ದಾಟುತ್ತಿತ್ತು, ಅದಕ್ಕೆ ಮುಚ್ಚಳ ತೆಗೆದು ಪುಟ್ಟ ಟೇಬಲ್ ಫ್ಯಾನನ್ನು ನೀರಿನ ಮೇಲ್ಮೈಗೆ ತಿರುಗಿಸಿಟ್ಟೆ. ನೀರು ಆವಿಯಾಗುವಾಗ ಎರಡು ಮೂರು ಡಿಗ್ರಿ ಇಳಿಯುತ್ತದೆ, ಮಡಕೆ ನೀರು ತಣ್ಣಗಾಗುವ ಹಾಗೆ. ಆವಿಯಾದಷ್ಟನ್ನು ಆರ್‌ಓ ನೀರಿನಿಂದಲೇ ತುಂಬಬೇಕು, ಇಲ್ಲದಿದ್ದರೆ ಗಡಸುತನ ಏರುತ್ತಾ ಹೋಗುತ್ತದೆ.

ಜೂನಿನಲ್ಲಿ ಇನ್ನೊಂದು ತಪ್ಪು ಮಾಡಿದೆ. ಎರಡು ಗಿಡ ಎರಡು ಮೂಲೆಯಲ್ಲಿದ್ದವು, ಜೊತೆಗಿದ್ದರೆ ಚಂದ ಅನಿಸಿತು. ಚಿಕ್ಕದನ್ನು ಕಿತ್ತು ದೊಡ್ಡದರ ಪಕ್ಕ ನೆಟ್ಟೆ. ಅದು ನಾಲ್ಕು ಎಲೆ ಉದುರಿಸಿ, ಸೆಪ್ಟೆಂಬರ್ ತನಕ ಸುಮ್ಮನೆ ಕೂತಿತು. ಮಗಳು ನನ್ನನ್ನು ಏನೂ ಅನ್ನಲಿಲ್ಲ. ಆದರೆ ಕ್ಯಾಲೆಂಡರಿನಲ್ಲಿ ಆ ಮೂರು ತಿಂಗಳು ಚಿಕ್ಕ ಗಿಡದ ಸಾಲು ಖಾಲಿ ಇತ್ತು, ಅದನ್ನು ನೋಡಿದಾಗಲೆಲ್ಲ ನನಗೆ ನೋವಾಗುತ್ತಿತ್ತು.

2024ರ ಜನವರಿಯಲ್ಲಿ ಊರಿಗೆ ಹೋದೆವು. ಅಡಿಕೆ ಕೊಯ್ಲು ನಡೆಯುತ್ತಿತ್ತು, ಮನೆ ತುಂಬ ಜನ. ತೋಟದ ಕೆಳಗೆ ಹಳ್ಳ. ಮಳೆಗಾಲದ ಕೆಂಪು ನೀರು ಹೋಗಿ, ಕಲ್ಲು ಎಣಿಸುವಷ್ಟು ತಿಳಿಯಾಗಿತ್ತು. ಚಿಕ್ಕವಳಿದ್ದಾಗ ಅಲ್ಲಿ ಬಟ್ಟೆ ಒಗೆದಿದ್ದೇನೆ, ಏಡಿ ಹಿಡಿದಿದ್ದೇನೆ. ಅವತ್ತು ಮಧ್ಯಾಹ್ನ ಮಗಳ ಜೊತೆ ಇಳಿದಾಗ ಬಂಡೆಯ ನೆರಳಿನಲ್ಲಿ, ಅರ್ಧ ನೀರಲ್ಲಿ ಅರ್ಧ ಕೆಸರಲ್ಲಿ, ಒಂದು ಹಿಂಡು ಗಿಡ ಕಂಡಿತು. ಕಡು ಹಸಿರು, ಎಲೆ ಉದ್ದ. ಮಗಳು ಮಂಡಿಯೂರಿ ಕೂತು, ಹೊಸದಾಗಿ ಬರುತ್ತಿದ್ದ ಒಂದು ಸುಳಿಯನ್ನು ಬೆರಳಿಂದ ಬಾಗಿಸಿ ತೋರಿಸಿದಳು. ಎರಡೂ ಅಂಚು ಒಳಕ್ಕೆ ಸುತ್ತಿತ್ತು. ಜೋಡಿ ಸುರುಳಿ.

ಇದು ನಮ್ಮ ಟ್ಯಾಂಕಿನ ಗಿಡದ ಬಳಗವೇ. ನಲವತ್ತು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೇನೆ, ನೋಡಿರಲಿಲ್ಲ.

ಮಳೆಗಾಲದ ನೀರು ಒಂದು ಕಡೆ ಮಣ್ಣು ಕೊಚ್ಚಿ, ಗೆಡ್ಡೆ ಹೊರಗೆ ಕಾಣುತ್ತಿತ್ತು. ಹೆಬ್ಬೆರಳು ದಪ್ಪ, ಬಂಡೆಗೆ ಆತುಕೊಂಡು ಹಾವಿನ ಹಾಗೆ ಹೋಗಿತ್ತು. ಅದರ ಮೈ ಮೇಲೆ ಬಳೆ ತೊಟ್ಟ ಹಾಗೆ ಗೆರೆಗಳು. ಒಂದೊಂದು ಗೆರೆಯೂ ಉದುರಿದ ಒಂದೊಂದು ಎಲೆಯ ಗುರುತು. ಟ್ಯಾಂಕಿನ ಗಿಡದಲ್ಲೂ ಹಾಗೇ ಇರುತ್ತದೆ, ನಮಗೆ ಗೊತ್ತಿತ್ತು. ಮಗಳು ಎಣಿಸಲು ಶುರು ಮಾಡಿದಳು. 60 ದಾಟಿದ ಮೇಲೆ ಗೆಡ್ಡೆ ಬಂಡೆಯ ಅಡಿಗೆ ಹೋಯಿತು. ಅಲ್ಲಿಂದಾಚೆ ಎಷ್ಟಿದೆಯೋ.

ತಿಂಗಳಿಗೊಂದು ಎಂದರೂ ಕಾಣುವಷ್ಟೇ ಐದು ವರ್ಷ. ಗಾಳಿಯಲ್ಲಿ ಎಲೆ ಬಿಡುವ ಗಿಡ ನೀರೊಳಗಿನದಕ್ಕಿಂತ ಬೇಗ ಬೆಳೆಯುತ್ತದೆ, ಸರಿ. ಎರಡು ಪಟ್ಟು ಬೇಗ ಎಂದುಕೊಳ್ಳಿ. ಆದರೂ ಆ ಹಿಂಡಿನಲ್ಲಿ ಇಂಥ ಎಷ್ಟೋ ಕವಲು ಇದ್ದವು. ಒಂದು ಗಿಡ ಕವಲೊಡೆದು, ಆ ಕವಲು ಇನ್ನೊಂದು ಕವಲು ಒಡೆದು ಹಿಂಡಾಗಲು ಎಷ್ಟು ಮಳೆಗಾಲ ಬೇಕಾಗಿರಬಹುದು! ಟ್ಯಾಂಕಿನ ಮುಂದೆ ಒಂದೂವರೆ ವರ್ಷ ಕಾದು ಕೂರದಿದ್ದರೆ ನನಗೆ ಆ ಗೆರೆಗಳು ಬರೀ ಗೆರೆ.

ಅಣ್ಣನ ಮಗ ಗುದ್ದಲಿ ಹಿಡಿದು ಬಂದ. "ಅತ್ತೆ, ನಿಮಗೆ ಬೇಕಾ? ಎರಡು ನಿಮಿಷ, ಬುಡ ಸಮೇತ ತೆಗೆದು ಕೊಡ್ತೀನಿ" ಅಂದ. ಪ್ರೀತಿಯಿಂದಲೇ ಕೇಳಿದ್ದು. ನನಗೂ ಒಂದು ಕ್ಷಣ ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೇಡ ಅಂದೆ. ಯಾಕೆ ಬೇಡ ಎಂದು ಅವನನ್ನೂ ಕೂರಿಸಿಕೊಂಡು ಗೆರೆ ಎಣಿಸಿದೆವು. ಅವನು ಗುದ್ದಲಿಯನ್ನು ದಂಡೆಯ ಮೇಲೆ ಇಟ್ಟ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಟ್ಯಾಂಕಿನ ಗಿಡಗಳ ಮಾರಾಟದಲ್ಲಿ ಅಪರೂಪದ್ದಕ್ಕೆ ಬೆಲೆ ಜಾಸ್ತಿ, ಬೆಲೆ ಜಾಸ್ತಿಯಾದ ಕೂಡಲೇ ಕಾಡಿನ ಹಳ್ಳಕ್ಕೆ ಕೈ ಹೋಗುತ್ತದೆ. ಬೋರ್ನಿಯೊ ದ್ವೀಪದ ಬ್ಯೂಸಿಫಲಾಂಡ್ರ ಇದೇ ಕೆಸುವಿನ ವಂಶದ್ದು, ಇದೇ ಥರ ಆಮೆ ನಡಿಗೆಯದ್ದು. ಹೊಳೆಯ ಬಂಡೆಗಳ ಮೇಲೆ ಮಾತ್ರ ಬೆಳೆಯುತ್ತದೆ. 2014ರಲ್ಲಿ ಸಸ್ಯವಿಜ್ಞಾನಿಗಳಾದ ವಾಂಗ್ ಸಿನ್ ಯೆಂಗ್ ಮತ್ತು ಪೀಟರ್ ಬಾಯ್ಸ್ ಒಂದೇ ಬರಹದಲ್ಲಿ ಅದರ ಎಷ್ಟೋ ಹೊಸ ಪ್ರಭೇದಗಳಿಗೆ ಹೆಸರಿಟ್ಟರು. ಹೆಸರಿಡುವ ಮೊದಲೇ ಅವುಗಳನ್ನು ಬಂಡೆಯಿಂದ ಕೆರೆದು ಮಾರುವುದು ಶುರುವಾಗಿತ್ತು. ಒಂದು ಹೊಳೆಯ ತಿರುವಿನಲ್ಲಿ ಮಾತ್ರ ಇರುವ ಗಿಡವನ್ನು ಒಂದೇ ಮಧ್ಯಾಹ್ನ ಮುಗಿಸಿಬಿಡಬಹುದು. ನಿಮಗೂ ಇಂಥ ಗಿಡ ಬೇಕಿದ್ದರೆ ಟಿಶ್ಯೂ ಕಲ್ಚರಿನದ್ದು ಕೊಳ್ಳಿ, ಇಲ್ಲವೇ ಟ್ಯಾಂಕಿನಲ್ಲಿ ಬೆಳೆಸಿದವರಿಂದ ತುಂಡು ಕೇಳಿ. ಮಾರುವವರಿಗೆ ಎಲ್ಲಿಂದ ತಂದಿರಿ ಎಂದು ಕೇಳಲು ಸಂಕೋಚ ಬೇಡ. ಬೇರಿಗೆ ಹೊಳೆಯ ಮಣ್ಣು ಅಂಟಿಕೊಂಡು, ಎಲೆಗೆ ಹುಳ ಕಡಿದ ಗುರುತು ಇದ್ದ ದೊಡ್ಡ ಬುಡವನ್ನು ಅಗ್ಗಕ್ಕೆ ಕೊಟ್ಟರೆ ತೆಗೆದುಕೊಳ್ಳಬೇಡಿ.

2024ರ ನವೆಂಬರಿನಲ್ಲಿ ದೊಡ್ಡ ಗಿಡವನ್ನು ಮೊದಲ ಸಲ ಭಾಗ ಮಾಡಿದೆ. ಗೆಡ್ಡೆ ಅಷ್ಟು ಹೊತ್ತಿಗೆ ತೋರುಬೆರಳಿನ ಎರಡು ಗೆಣ್ಣಿನಷ್ಟು ಉದ್ದವಾಗಿ, ಪಕ್ಕಕ್ಕೆ ಎರಡು ಮೊಳಕೆ ಬಿಟ್ಟಿತ್ತು. ಹೊಸ ಬ್ಲೇಡನ್ನು ಬಿಸಿನೀರಿನಲ್ಲಿ ಅದ್ದಿ, ಪ್ರತಿ ತುಂಡಿಗೂ ಮೂರು ಎಲೆ, ನಾಲ್ಕೈದು ಬೇರು ಇರುವ ಹಾಗೆ ನೋಡಿಕೊಂಡು ಕತ್ತರಿಸಿದೆ. ಕೈಗೆ ರಸ ತಾಗಿ ಅರ್ಧ ಗಂಟೆ ತುರಿಸಿತು. ಕೆಸುವಿನ ತುರಿಕೆಯೇ, ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ ಬರುವುದು. ಪತ್ರೊಡೆಗೆ ಹುಳಿ ಜಾಸ್ತಿ ಹಾಕುವುದು ಅದಕ್ಕೇ ಅಲ್ವಾ? ನಾನೂ ಹುಣಸೆಹಣ್ಣು ಉಜ್ಜಿ ತೊಳೆದುಕೊಂಡೆ. ಮಕ್ಕಳಿಗೆ ಈ ಕೆಲಸ ಕೊಡಬೇಡಿ, ಕೈಗವಸು ಹಾಕಿಕೊಳ್ಳಿ.

ಒಂದು ತುಂಡು ಇದ್ದಲ್ಲೇ ಉಳಿಯಿತು. ಒಂದನ್ನು ಸ್ಪಾಂಜ್ ಕೊಟ್ಟ ಸ್ನೇಹಿತೆಗೆ ಕೊಟ್ಟೆ. ಮೂರನೆಯದನ್ನು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮರಳು ಬೆರೆಸಿದ ಕೆಮ್ಮಣ್ಣಿನಲ್ಲಿ ನೆಟ್ಟು, ಮಣ್ಣಿನ ಮೇಲೆ ಅರ್ಧ ಬೆರಳು ನೀರು ನಿಲ್ಲಿಸಿ ಬಾಲ್ಕನಿಯಲ್ಲಿ ಇಟ್ಟೆ. ಈ ಗಿಡ ನೀರೊಳಗೆ ಹೂ ಬಿಡುವುದು ಕಷ್ಟ. ಹೂ ನೋಡಬೇಕೆಂದರೆ ಎಲೆ ಗಾಳಿಗೆ ಬರಬೇಕು. ಮುಚ್ಚಳವನ್ನು ವಾರಕ್ಕೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಒಣಗಾಳಿಗೆ ಒಗ್ಗಿಸಿದೆ.

2025ರ ಮಾರ್ಚಿನಲ್ಲಿ ಎಲೆಯ ಕಂಕುಳಿನಿಂದ ಸುಳಿಯ ಹಾಗಲ್ಲದ ಏನೋ ಬಂತು. ಕಿರುಬೆರಳಿಗಿಂತ ಚಿಕ್ಕದು, ತಳ ಹೂಜಿಯ ಹಾಗೆ ಉಬ್ಬಿದೆ, ಮೇಲೆ ಮುಚ್ಚಿದ ಕೊಡೆಯ ಹಾಗೆ ಚೂಪು. ನಾಲ್ಕನೇ ದಿನ ಬೆಳಿಗ್ಗೆ ಒಂದು ಕಡೆ ಸೀಳಿ ಕಡು ನೇರಳೆ ಕಂಡಿತು. ನಿಜವಾದ ಹೂಗಳು ಆ ಉಬ್ಬಿದ ತಳದೊಳಗೆ ಅಡಗಿರುತ್ತವೆ. ಸಣ್ಣ ನೊಣಗಳು ಸೀಳಿನಿಂದ ಒಳಗೆ ಇಳಿದು ಪರಾಗ ಸೇರಿಸಬೇಕು. ನಾನು ಮುಚ್ಚಳ ಪೂರ್ತಿ ತೆಗೆದು, ಪಕ್ಕದಲ್ಲಿ ಕಳಿತ ಬಾಳೆಹಣ್ಣಿನ ಚೂರು ಇಟ್ಟು ಕಾದೆ. ಹಣ್ಣಿಗೆ ನೊಣ ಬಂದವು, ಹೂವಿಗೆ ಬರಲಿಲ್ಲ. ಮೂರು ದಿನಕ್ಕೆ ಬಾಡಿತು, ಬೀಜ ಕಟ್ಟಲಿಲ್ಲ.

ಹೂವಿನ ಫೋಟೊವನ್ನು ಅಣ್ಣನ ಮಗನ ಫೋನಿಗೆ ಕಳಿಸಿದ್ದೆ. ಸಂಜೆ ಅಪ್ಪಯ್ಯ ಕರೆ ಮಾಡಿದರು. ಬೇಸಿಗೆಯ ನೀರಿಗಾಗಿ ಹಳ್ಳದಿಂದ ತೋಟಕ್ಕೆ ಹೊಸ ಪೈಪು ಎಳೆಸುತ್ತಿದ್ದಾರಂತೆ. ಕೆಲಸದವರು ಆ ಬಂಡೆಯ ಬದಿಯಲ್ಲೇ ಅಗೆಯಲು ಹೊರಟಿದ್ದರಂತೆ. "ನೀನು ಅವತ್ತು ಎಂತದೋ ಎಣಿಸ್ತಾ ಕೂತಿದ್ಯಲ್ಲ ಮಾರಾಯ್ತಿ, ಅದನ್ನ ತಪ್ಸಿ ಹಾಕ್ಸಿದೆ. ನಾಲ್ಕು ಮಾರು ಪೈಪು ಜಾಸ್ತಿ ಬಿತ್ತು, ಅಷ್ಟೆ" ಅಂದರು.